ಪಾಸ್ ಮೊದಲು, ಮೆಷಿನ್ ಕೊನೆಗೆ: ನಾನು ಗೇಮಿಂಗ್ ಬಿಟ್ಟ ಕ್ರಮ

ಗೇಮಿಂಗ್ ಬಿಡಬೇಕು ಅಂತ ನಮ್ಮಲ್ಲಿ ಯಾರು ಹೊರಟರೂ ಮೊದಲು ಮಾರುವುದು ಮೆಷಿನ್. ನಾನೂ ಹಾಗೇ ಮಾಡಿದ್ದೆ. ಒಂದು ಸಲ ಗ್ರಾಫಿಕ್ಸ್ ಕಾರ್ಡ್ ಮಾರಿದೆ, ಇನ್ನೊಂದು ಸಲ ಫೋನ್ ಮಾರಿದೆ. ಎರಡನ್ನೂ ಆಮೇಲೆ ಜಾಸ್ತಿ ದುಡ್ಡು ಕೊಟ್ಟು ವಾಪಸ್ ಕೊಂಡೆ. ಮೂರನೇ ಸಲ ಕ್ರಮ ತಿರುಗಿಸಿದೆ. ಪಾಸ್ ಮೊದಲು ಬಿಟ್ಟೆ, ಮೆಷಿನ್ ಕೊನೆಗೆ ಮಾರಿದೆ. ಪಾಸ್ ಅಂದರೆ ಆಟದ ಪ್ರತಿ ಸುತ್ತಿಗೆ, ಅಂದರೆ ಸೀಸನ್‌ಗೆ, ದುಡ್ಡು ಕೊಟ್ಟು ಕೊಳ್ಳುವಂಥದ್ದು; ಆಡಿ ಲೆವೆಲ್ ಏರಿದ ಹಾಗೆ ಬಹುಮಾನ ಸಿಗುತ್ತವೆ. ಕೊನೆಯ ಮ್ಯಾಚ್ ಆಡಿ ಈಗ ಹದಿನಾಲ್ಕು ತಿಂಗಳಾಯಿತು. "ನೀನಾ? ಮೂರು ದಿನ ತಡಿ ನೋಡೋಣ" ಅಂದಿದ್ದ ಸ್ಕ್ವಾಡ್‌ನವರೇ, ಅಂದರೆ ನನ್ನ ಜೊತೆ ಆಡುತ್ತಿದ್ದ ತಂಡದವರೇ, ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಟೈಮ್‌ಪಾಸ್‌ಗೆ ಆಡುತ್ತಿದ್ದವನಲ್ಲ. ದಾವಣಗೆರೆಯಲ್ಲಿ ಓದುವಾಗ ಸೈಬರ್ ಸೆಂಟರಿನಲ್ಲಿ ಗಂಟೆಗೆ 15-20 ರೂಪಾಯಿ ಕೊಟ್ಟು ವೈಸ್ ಸಿಟಿ, ಕೌಂಟರ್ ಸ್ಟ್ರೈಕ್ 1.6 ಆಡಿ ಬೆಳೆದವನು. ಡೋಟಾ 2ರಲ್ಲಿ ಮೂರು ಸಾವಿರ ಗಂಟೆ ದಾಟಿದ್ದೆ. ಪಬ್‌ಜಿ ಮೊಬೈಲ್ ಆಟದ ಭಾರತದ ಆವೃತ್ತಿಯಾದ ಬಿಜಿಎಂಐನಲ್ಲಿ ಒಂದು ಸೀಸನ್ ಕಾಂಕರರ್ ಅನ್ನುವ ಅತಿ ಮೇಲಿನ ರ‍್ಯಾಂಕ್ ಮುಟ್ಟಿದ್ದೇನೆ. ಅದು ಏನು ಅಂತ ಆಡಿದವರಿಗೆ ಗೊತ್ತು. ಮೇಲಿನ 500 ಜನರಲ್ಲಿ ಉಳಿಯಬೇಕು, ಎರಡು ದಿನ ಕೈಬಿಟ್ಟರೆ ಕೆಳಗೆ ಜಾರುತ್ತೇವೆ. ಆ ಸ್ಕ್ರೀನ್‌ಶಾಟ್ ಇವತ್ತಿಗೂ ನನ್ನ ಹತ್ತಿರ ಇದೆ. ಅಳಿಸುವುದಿಲ್ಲ.

ಹಾಗಾದರೆ ಬಿಡಬೇಕು ಅಂತ ಯಾಕೆ ಅನ್ನಿಸಿತು? ಮಣಿಕಟ್ಟು ನೋಯುತ್ತಿತ್ತು, ನಿಜ. ರಾತ್ರಿ ಒಂದೂವರೆಗೆ ಮಲಗಿ ಆರೂವರೆಗೆ ಏಳುತ್ತಿದ್ದೆ, ಅದೂ ನಿಜ. ನನ್ನ ಮಗಳು ತನ್ನ ಗೊಂಬೆಗೆ "ಇರು, ಲಾಸ್ಟ್ ಮ್ಯಾಚ್" ಅಂತ ಹೇಳುವುದನ್ನು ಒಂದು ದಿನ ಕೇಳಿಸಿಕೊಂಡೆ. ಆದರೆ ಇವೆಲ್ಲ ಹಳೆಯ ಕಾರಣಗಳು, ಇವುಗಳಿಂದ ಯಾರೂ ಬಿಡುವುದಿಲ್ಲ. ನನ್ನನ್ನು ಕಾಡಿದ್ದು ಬೇರೆ. ಆಡುವಾಗ ಖುಷಿ ಇರಲಿಲ್ಲ. 2017ರಲ್ಲಿ ವಿಚರ್ 3 ಆಡುವಾಗ ಆಫೀಸಿನಲ್ಲೂ ಅದರ ಕಥೆಯೇ ತಲೆಯಲ್ಲಿ ಓಡುತ್ತಿತ್ತು. ಈಗ ಕೂತರೆ ಕೆಲಸಕ್ಕೆ ಹಾಜರಿ ಹಾಕಿದ ಹಾಗೆ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯ ನನ್ನ ಲೈಬ್ರರಿಯಲ್ಲಿ 210ರಷ್ಟು ಆಟ ಇದ್ದವು, ಒಂದು ಸಲವಾದರೂ ತೆರೆದದ್ದು 70 ಇರಬಹುದು. ಸೇಲ್ ಬಂದಾಗ ಕೊಳ್ಳುವುದೇ ನನ್ನ ಆಟವಾಗಿತ್ತು.

ಮೊದಲು ಸೋತ ಕಥೆ ಹೇಳುತ್ತೇನೆ, ಅದರಲ್ಲೇ ಕಲಿತದ್ದು ಜಾಸ್ತಿ.

2020ರ ಶುರುವಿನಲ್ಲಿ 1060 ಗ್ರಾಫಿಕ್ಸ್ ಕಾರ್ಡನ್ನು ಹತ್ತು ಸಾವಿರಕ್ಕೆ ಕೊಟ್ಟೆ. ಕೊಂಡಿದ್ದು 25ರ ಸುಮಾರಿಗೆ. ಪಿಸಿ ಹೋಯಿತು, ಇನ್ನು ಮುಗಿಯಿತು ಅಂದುಕೊಂಡೆ. ಲಾಕ್‌ಡೌನ್ ಬಂತು, ಫೋನಿನಲ್ಲಿ ಪಬ್‌ಜಿ ಹಿಡಿದೆ. ಆ ವರ್ಷ ಸೆಪ್ಟೆಂಬರ್ 2ಕ್ಕೆ ಸರ್ಕಾರವೇ ಪಬ್‌ಜಿ ನಿಷೇಧಿಸಿತು. ದೇವರೇ ದಾರಿ ತೋರಿಸಿದ ಅನ್ನಿಸಿತು ನನಗೆ. ಆದರೆ ಇನ್‌ಸ್ಟಾಲ್ ಆಗಿದ್ದ ಆಟ ಅಕ್ಟೋಬರ್ ಕೊನೆಯವರೆಗೂ ನಡೆಯಿತು. ಅದು ನಿಲ್ಲುವ ಹೊತ್ತಿಗೆ ಇಡೀ ಸ್ಕ್ವಾಡ್ ಕಾಲ್ ಆಫ್ ಡ್ಯೂಟಿಗೆ ಹೋಗಿ ಆಗಿತ್ತು. 2021ರಲ್ಲಿ ಮತ್ತೆ ಪಿಸಿ ಆಸೆ ಹುಟ್ಟಿತು. ಆಗ ಕಾರ್ಡುಗಳಿಗೆ ಬರ. ಚಿಪ್ ಕೊರತೆ ಒಂದು ಕಡೆ, ಕ್ರಿಪ್ಟೋ ಮೈನಿಂಗ್ ಇನ್ನೊಂದು ಕಡೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಕೊನೆಗೆ 3060ಕ್ಕೆ 52 ಸಾವಿರ ಎಣಿಸಿದೆ. ಹೆಂಡತಿಗೆ 30 ಅಂತ ಹೇಳಿದ್ದೆ. ಆ ಸುಳ್ಳು ಎರಡು ವರ್ಷ ನನ್ನೊಳಗೇ ಇತ್ತು. ಈ ಸಲ ಬಿಡುವ ಮೊದಲು ನಿಜ ಹೇಳಿದೆ.

2022ರ ಜುಲೈ ಕೊನೆಯಲ್ಲಿ ಬಿಜಿಎಂಐ ಪ್ಲೇ ಸ್ಟೋರ್‌ನಿಂದ ಹೋಯಿತು. ಈ ಸಲ ಗಟ್ಟಿ ಮನಸ್ಸು ಮಾಡಿ ಫೋನನ್ನೇ 14 ಸಾವಿರಕ್ಕೆ ಮಾರಿ ಸಾದಾ ಫೋನ್ ತಗೊಂಡೆ. 2023ರ ಮೇ ತಿಂಗಳಲ್ಲಿ ಆಟ ವಾಪಸ್ ಬಂತು. ದೊಡ್ಡವರಿಗೆ ದಿನಕ್ಕೆ ಆರು ಗಂಟೆಯ ಮಿತಿ ಹಾಕಿದ್ದರು. ಆರು ಗಂಟೆ ಅಂದರೆ ಮಿತಿಯಾ? ಒಂದೇ ತಿಂಗಳಲ್ಲಿ 32 ಸಾವಿರದ ಫೋನ್ ನನ್ನ ಕೈಯಲ್ಲಿತ್ತು.

ಆಟವನ್ನೇ ದೇಶದಿಂದ ತೆಗೆದರೂ ನಾನು ನಿಲ್ಲಲಿಲ್ಲ. ಅಂದಮೇಲೆ ನನ್ನನ್ನು ಹಿಡಿದುಕೊಂಡಿದ್ದು ಆಟವೂ ಅಲ್ಲ, ಮೆಷಿನ್ನೂ ಅಲ್ಲ. ಇದು ಹೊಳೆಯಲು ಮೂರು ವರ್ಷ ಬೇಕಾಯಿತು.

ಆಮೇಲೆ ಕಿರಾಣಿ ಅಂಗಡಿಯಿಂದ ಒಂದು ಉದ್ದ ನೋಟ್‌ಬುಕ್ ತಂದೆ. ಆಡಲು ಕೂರುವ ಮೊದಲು ಒಂದೇ ಸಾಲು ಬರೆಯಬೇಕು: ಈಗ ಯಾಕೆ ಕೂರುತ್ತಿದ್ದೇನೆ? ಬಿಡುವ ಪ್ರಯತ್ನ ಏನೂ ಇಲ್ಲ. ಎಷ್ಟು ಬೇಕಾದರೂ ಆಡು, ಸಾಲು ಮಾತ್ರ ಬರೆ. ಒಂದು ತಿಂಗಳಲ್ಲಿ ಸುಮಾರು 70 ಸಾಲು ಆದವು. "ಆಡಬೇಕು ಅನ್ನಿಸಿತು" ಅಂತ ಇದ್ದಿದ್ದು ಹದಿನಾಲ್ಕೋ ಹದಿನೈದೋ. ಉಳಿದವೆಲ್ಲ "ಡೈಲಿ ಮಿಷನ್", "ಪಾಸ್ ಬಾಕಿ ಇದೆ", "ರ‍್ಯಾಂಕ್ ಇಳಿಯುತ್ತೆ", "ಅವರು ಕರೆದರು". ಆ ಪುಟಗಳನ್ನು ಒಟ್ಟಿಗೆ ಓದಿದಾಗ ಕಣ್ಣು ತುಂಬಿತು. ಇಪ್ಪತ್ತು ವರ್ಷ ಪ್ರೀತಿಸಿದ ಹವ್ಯಾಸ ಅದು.

ಅವತ್ತೇ ಕೂತು ದುಡ್ಡಿನ ಲೆಕ್ಕವನ್ನೂ ಹಾಕಿದೆ. ಸ್ಟೀಮ್‌ನಲ್ಲಿ ಸಪೋರ್ಟ್ ಒಳಗೆ ಹೋಗಿ ನಿಮ್ಮ ಅಕೌಂಟಿನ ಡೇಟಾ ತೆರೆದರೆ, ಇದುವರೆಗೆ ಹಾಕಿದ ಒಟ್ಟು ಹಣ ಡಾಲರ್‌ನಲ್ಲಿ ಕಾಣುತ್ತದೆ. ಬಹಳ ಜನ ಇದನ್ನು ನೋಡಿರುವುದಿಲ್ಲ. ನನ್ನದು ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ. ಬಿಜಿಎಂಐ ಒಳಗೆ ನಡೆಯುವ ಹಣವಾದ ಯುಸಿಗೆ ಹಾಕಿದ್ದು ಬ್ಯಾಂಕ್ ಮೆಸೇಜ್ ಹುಡುಕಿ ಕೂಡಿಸಿದೆ, 38 ಸಾವಿರದ ಆಸುಪಾಸು. ಎರಡು ಕಾರ್ಡ್ ಸೇರಿ 77, ಆ ಫೋನ್ 32, 144 ಹರ್ಟ್ಜ್ ಮಾನಿಟರ್ 16, ಕುರ್ಚಿ 11, ಮೌಸು ಹೆಡ್‌ಸೆಟ್ಟು ಎಲ್ಲ ಸೇರಿ ಇನ್ನೊಂದು 15. ಮೂರು ಲಕ್ಷದ ಹತ್ತಿರ. ನಾವೆಲ್ಲ ಹೇಳುತ್ತೇವಲ್ವಾ, ಗಂಟೆಗೆ ಲೆಕ್ಕ ಹಾಕಿದರೆ ಸಿನಿಮಾಗಿಂತ ಅಗ್ಗ ಅಂತ? ಸ್ಟೀಮ್, ಫೋನ್ ಎಲ್ಲ ಸೇರಿ ನಾನು ಆಡಿದ್ದು ಎಂಟು ಸಾವಿರ ಗಂಟೆ ಅಂತ ಇಟ್ಟುಕೊಳ್ಳಿ. ಗಂಟೆಗೆ 36 ರೂಪಾಯಿ. ಅಗ್ಗವೇ. ಆದರೆ ನೋಟ್‌ಬುಕ್ ಪ್ರಕಾರ ಮನಸ್ಸಿಟ್ಟು ಆಡಿದ್ದು ಐದರಲ್ಲಿ ಒಂದು ಪಾಲು. ಆ ಗಂಟೆಗಳನ್ನಷ್ಟೇ ಹಿಡಿದರೆ ಗಂಟೆಗೆ 180 ಬೀಳುತ್ತದೆ.

ಇನ್ನು ವಿಧಾನ. ಎಲ್ಲರೂ ಹುಚ್ಚು ಅಂದಿದ್ದು ಇದರ ಮೊದಲ ಹೆಜ್ಜೆಗೆ. ಬಿಜಿಎಂಐನಲ್ಲಿ ಹೊಸ ಸೀಸನ್ ಶುರುವಾದ ದಿನ ನಾನು ಪಾಸ್ ಕೊಂಡೆ. ಹೌದು, ದುಡ್ಡು ಕೊಟ್ಟು ಕೊಂಡೆ. ಅರವತ್ತರ ಲೆವೆಲ್‌ವರೆಗೆ ಎಂದಿನಂತೆ ಆಡಿದೆ, ಆಮೇಲೆ ಬಿಟ್ಟೆ. ಪಾಸ್ ಕೊಳ್ಳದೆ ಇರುವುದನ್ನು ಹಿಂದೆ ನಾಲ್ಕೈದು ಸಲ ಮಾಡಿದ್ದೆ. ಅದರಿಂದ ಏನೂ ಆಗುವುದಿಲ್ಲ, ಮುಂದಿನ ಸೀಸನ್‌ನಲ್ಲಿ ಕೊಳ್ಳುತ್ತೇವೆ ಅಷ್ಟೇ. ಕೊಂಡು, ಅರ್ಧಕ್ಕಿಂತ ಜಾಸ್ತಿ ಬೆವರು ಸುರಿಸಿ, ಕೊನೆಯ ಬಹುಮಾನವಾದ ಔಟ್‌ಫಿಟ್ (ಆಟದ ಪಾತ್ರಕ್ಕೆ ತೊಡಿಸುವ ಉಡುಪು) ಎದುರಿಗೆ ಕಾಣುತ್ತಿರುವಾಗ ಕೈಬಿಡುವುದು ಬೇರೆಯೇ ಅನುಭವ. ಮುಗಿಸಿದರೆ ಒಂದಷ್ಟು ಯುಸಿ ವಾಪಸ್ ಬರುತ್ತದೆ ಅನ್ನುವ ಆಸೆಯೂ ಎಳೆಯುತ್ತದೆ.

ಹತ್ತೊಂಬತ್ತೋ ಇಪ್ಪತ್ತೋ ದಿನ ಬಾಕಿ ಇದ್ದವು. ಮೊದಲ ವಾರ ಸಂಕಟ. ಎರಡನೇ ವಾರ ದಿನಕ್ಕೊಂದು ಸಲ ತೆರೆದು ಲೆವೆಲ್ ನೋಡಿ ಮುಚ್ಚುತ್ತಿದ್ದೆ, ಆಡುತ್ತಿರಲಿಲ್ಲ. ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ, ಆ್ಯಪ್ ತೆಗೆದುಹಾಕಿದರೆ ಇದು ಕೆಲಸ ಮಾಡುವುದಿಲ್ಲ. ಸೀಸನ್ ಮುಗಿದ ಬೆಳಿಗ್ಗೆ ತೆರೆದೆ. ಪಾಸ್ ಹೋಗಿತ್ತು. ಆ ಔಟ್‌ಫಿಟ್ ಇನ್ನು ಸಿಗುವುದಿಲ್ಲ. ಟೀ ಕುಡಿದೆ, ಆಫೀಸ್ ಕೆಲಸ ಶುರು ಮಾಡಿದೆ. ಹೋದದ್ದು ಹೋಯಿತು, ಏನೂ ಆಗಲಿಲ್ಲ. ದುಡ್ಡು ಹಾಕಿದ್ದೇನೆ, ಅದಕ್ಕೇ ಆಡಬೇಕು ಅನ್ನುವ ಗಂಟು ಅವತ್ತು ಬಿಚ್ಚಿತು. ಆ ಇಪ್ಪತ್ತು ದಿನ ರಾತ್ರಿ ಹತ್ತೂವರೆಗೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನಗೆ ಹೊಂದಿದ ಕೀಲಿ, ನಿಮ್ಮದನ್ನು ನೀವೇ ಹುಡುಕಿಕೊಳ್ಳಬೇಕು. ಹೇಳಿದರೆ ಅದರ ಬಲ ಹೋಗುತ್ತದೆ.

ರ‍್ಯಾಂಕ್ ಬಿಡುವುದಕ್ಕೆ ನಾನೇನೂ ಮಾಡಲಿಲ್ಲ. ಪ್ರತಿ ಸೀಸನ್‌ಗೂ ಅದು ತಾನೇ ಕೆಳಗೆ ಬರುತ್ತದೆ. ಎರಡು ಸೀಸನ್ ಕಾದೆ. ಏಸ್ ಅನ್ನುವ ಮೇಲಿನ ರ‍್ಯಾಂಕ್ ಇದ್ದಿದ್ದು ಕೆಳಗಿನ ಪ್ಲಾಟಿನಮ್ ಹತ್ತಿರ ಬಂದಾಗ, ಕಾಪಾಡಲು ಏನೂ ಉಳಿದಿರಲಿಲ್ಲ.

ಕಷ್ಟವಾಗಿದ್ದು ಸ್ಕ್ವಾಡ್. ಒಬ್ಬ ಹುಬ್ಬಳ್ಳಿಯವನು, ಒಬ್ಬ ಮಂಗಳೂರು, ಇನ್ನೊಬ್ಬ ನಮ್ಮ ಮೈಸೂರಿನವನೇ. ಆರು ವರ್ಷ ದಿನಾ ರಾತ್ರಿ ಇವರ ದನಿ ಕಿವಿಯಲ್ಲಿತ್ತು. ಹುಬ್ಬಳ್ಳಿಯವನ ತಂದೆ ತೀರಿಕೊಂಡ ವಾರ ನಾವು ಮ್ಯಾಚ್ ಹಾಕದೆ ಲಾಬಿಯಲ್ಲಿ (ಮ್ಯಾಚ್‌ಗೆ ಮೊದಲು ತಂಡ ಸೇರುವ ಆಟದೊಳಗಿನ ಜಾಗ) ಕೂತು ಬೆಳಗಿನ ಜಾವದವರೆಗೆ ಮಾತಾಡಿದ್ದೆವು. ಆಟ ಬಿಟ್ಟರೆ ಇದೆಲ್ಲ ಹೋಗುತ್ತದೆ ಅನ್ನುವ ಹೆದರಿಕೆ ಪಾಸ್‌ಗಿಂತ ನೂರು ಪಟ್ಟು ದೊಡ್ಡದು. ಹಿಂದಿನ ಎರಡು ಸಲವೂ ನನ್ನನ್ನು ವಾಪಸ್ ಎಳೆದದ್ದು ಇದೇ. ಹಾಗಾಗಿ ಈ ಸಲ ಆಟ ಬಿಡುವ ಮೊದಲೇ ಮಾತಿಗೆ ಬೇರೆ ಜಾಗ ಮಾಡಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಗ್ರೂಪ್ ಕಾಲ್. ನಾನು ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ಮಾತಾಡುತ್ತೇನೆ, ಅವರು ಅವರವರ ಊರಿನಲ್ಲಿ. ಮೊದಲ ಎರಡು ತಿಂಗಳು ಆಟ ಮತ್ತು ಕಾಲ್ ಎರಡೂ ಜೊತೆಗೇ ನಡೆದವು. ಕಾಲ್ ಗಟ್ಟಿಯಾದ ಮೇಲೆ ರಾತ್ರಿಯ ಲಾಬಿ ಬಿಟ್ಟೆ. ಮಂಗಳೂರಿನವನು ಒಪ್ಪಲಿಲ್ಲ. ಗ್ರೂಪ್‌ನಿಂದ ಹೊರಗೆ ಹೋದ. ಅವನು ಫೋನ್ ಎತ್ತಿದರೆ ಸಾಕು ಅಂತ ಈಗಲೂ ತಿಂಗಳಿಗೊಮ್ಮೆ ಕರೆ ಮಾಡುತ್ತೇನೆ.

ನಡುವೆ ಮಾಡಿದ ಪ್ರಯೋಗಗಳೂ ಇವೆ. ಫೋನ್ ಸ್ಕ್ರೀನನ್ನು ಕಪ್ಪು-ಬಿಳುಪು ಮಾಡಿದೆ, ನಾಲ್ಕನೇ ದಿನಕ್ಕೆ ಕಣ್ಣು ಹೊಂದಿಕೊಂಡಿತು. ರೌಟರ್ ರಾತ್ರಿ ಹನ್ನೊಂದಕ್ಕೆ ಆಫ್ ಆಗುವ ಹಾಗೆ ಇಟ್ಟೆ, ಮೊಬೈಲ್ ಡೇಟಾ ಇದ್ದೇ ಇತ್ತು. ಆಡುವ ಬದಲು ಬೇರೆಯವರು ಆಡುವುದರ ನೇರ ಪ್ರಸಾರ, ಅಂದರೆ ಸ್ಟ್ರೀಮ್, ನೋಡಿದೆ. ಅದು ಎಲ್ಲಕ್ಕಿಂತ ಕೆಟ್ಟದ್ದು, ಸಮಯವೂ ಹೋಗುತ್ತದೆ, ಆಸೆಯೂ ಆರುವುದಿಲ್ಲ. ಆನ್‌ಲೈನ್ ಚೆಸ್ ಹಿಡಿದೆ. ಮೂರೇ ವಾರಕ್ಕೆ ರೇಟಿಂಗ್ ಹಿಂದೆ ಓಡುತ್ತಿದ್ದೆ, ಅದೇ ರ‍್ಯಾಂಕಿನ ಹುಳು. ಬಿಟ್ಟು ಮನೆಗೆ ಕೇರಂ ಬೋರ್ಡ್ ತಂದೆ, ಮಗಳ ಜೊತೆ ಅದು ಇವತ್ತಿಗೂ ನಡೆಯುತ್ತಿದೆ. ಮೆಕ್ಯಾನಿಕಲ್ ಕೀಬೋರ್ಡ್ ಜೋಡಿಸುವ ಹುಚ್ಚು ಹತ್ತಿ ಎರಡು ತಿಂಗಳಲ್ಲಿ 14 ಸಾವಿರ ಹೋಯಿತು. ಕೀಗಳ ಕೆಳಗಿನ ಸ್ವಿಚ್‌ಗಳಿಗೆ ಗ್ರೀಸ್ ಹಚ್ಚುವ ಕೆಲಸ ಮಾತ್ರ ತುಂಬಾ ಹಿಡಿಸಿತು. ಒಂದೊಂದೇ ಬಿಚ್ಚಿ, ಸಣ್ಣ ಬ್ರಷ್‌ನಲ್ಲಿ ಹಚ್ಚಿ ಮತ್ತೆ ಮುಚ್ಚಬೇಕು. ಒಂದು ಕೀಬೋರ್ಡಿಗೆ ಮೂರು ರಾತ್ರಿ ಬೇಕು. ಈ ಲೇಖನ ಬರೆದಿದ್ದು ಅದರಲ್ಲೇ.

ನಿದ್ದೆ, ಕೆಲಸ, ಓದು ಎಲ್ಲವೂ ಕೈತಪ್ಪಿ ಹೋಗುತ್ತಿರುವವರಿಗೆ ನನ್ನ ನೋಟ್‌ಬುಕ್ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಫೋನ್, ಗೇಮಿಂಗ್‌ನಂಥ ತಂತ್ರಜ್ಞಾನದ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ. ಸಂಕೋಚ ಬೇಡ, ಹೋಗಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಗೇಮಿಂಗ್ ಗೀಳಿಗೆ ಈಗ ಜಾಗ ಇದೆ.

ಮೆಷಿನ್ ವಿಷಯಕ್ಕೆ ಬರುತ್ತೇನೆ. ಶುರುವಿನಲ್ಲೇ ಹೆಂಡತಿ ಕೇಳಿದ್ದಳು, "ರೀ, ಈ ಸಲ ಕಂಪ್ಯೂಟರ್ ಮಾರಲ್ವಾ?" ಇಲ್ಲ ಅಂದೆ. "ಹಾಗಾದ್ರೆ ನೀವು ಬಿಟ್ಟ ಹಾಗೇ" ಅಂತ ಎದ್ದು ಹೋದಳು. ಕೊನೆಯ ಮ್ಯಾಚ್ ಆದಮೇಲೂ ಆ ಪಿಸಿ ಐದು ತಿಂಗಳು ಅದೇ ಮೇಜಿನ ಮೇಲಿತ್ತು, 3060 ಒಳಗೇ ಇತ್ತು. ಅದರಲ್ಲೇ ಆಫೀಸ್ ಕೆಲಸ ಮಾಡಿದೆ. ಕೈ ಹೋಗಲಿಲ್ಲ. ಆಮೇಲೆ ಕಾರ್ಡ್ ಮಾರಿದೆ, 17 ಸಾವಿರಕ್ಕೆ. ಮಂಡ್ಯದಿಂದ ಒಬ್ಬ ಕಾಲೇಜು ಹುಡುಗ ಅಪ್ಪನ ಜೊತೆ ಬಂದಿದ್ದ. ಅರ್ಧ ಗಂಟೆ ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ತೋರಿಸಿದೆ, ಅದರ ಬಿಸಿ 70 ಡಿಗ್ರಿ ದಾಟಲಿಲ್ಲ. ಅವನ ಕಣ್ಣಿನ ಹೊಳಪು ನೋಡಿ ಒಳ್ಳೆಯ ಕಥೆ ಇರುವ ಮೂರು ಆಟದ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. ಕಾರ್ಡಿನ ದುಡ್ಡು ಹೆಂಡತಿಯ ಕೈಗೆ ಕೊಟ್ಟೆ. ಆಟ ಬಿಟ್ಟಾಗಿನಿಂದ ತಿಂಗಳಿಗೆ ಮೂರು ಸಾವಿರ ಪೋಸ್ಟ್ ಆಫೀಸ್ ಆರ್‌ಡಿಗೆ ಹೋಗುತ್ತಿದೆ, ಈಗ 42 ಸಾವಿರ ಆಗಿದೆ.

ಹೋದ ಭಾನುವಾರ ಕೆರೆ ಸುತ್ತುವಾಗ ಹುಬ್ಬಳ್ಳಿಯವನು ಬೇರೆಯವರು ಲೈನ್ ಬಿಡುವವರೆಗೆ ಕಾದು ಹೇಳಿದ, "ಮಗಾ, ನಂದು ಪಾಸ್ ಅರವತ್ತೆರಡರಲ್ಲಿದೆ. ಇನ್ನೂ ಹದಿನೆಂಟು ದಿನ ಇದೆ." ಇವತ್ತಿನಿಂದ ಅದನ್ನು ಮುಟ್ಟಬೇಡ, ಆದರೆ ದಿನಾ ತೆರೆದು ನೋಡು ಅಂದೆ. ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಲು ಹೇಳಿದ್ದೇನೆ. ಐದು ದಿನ ಆಯಿತು, ದಿನಾ ಮಾಡುತ್ತಿದ್ದಾನೆ.