ನಾನು ಕೇಳಿದ್ದು, ನನಗೆ ಕೇಳಿಸಿದ್ದು

ಪದವಿಯ ಕೊನೆಯ ವರ್ಷ ನಾವು ಮೂವರು ಗೆಳೆಯರು ಒಂದು ಬಿಸಿನೆಸ್ ಐಡಿಯಾ ಹಿಡಿದುಕೊಂಡು ಓಡಾಡುತ್ತಿದ್ದೆವು. ಓದಿ ಮುಗಿಸಿದ ಪಠ್ಯಪುಸ್ತಕಗಳನ್ನು ಸೀನಿಯರ್‌ಗಳು ಜೂನಿಯರ್‌ಗಳಿಗೆ ಮಾರಲು ಒಂದು ಆ್ಯಪ್. ಈ ಕಡೆ ಮಾರುವವರು, ಆ ಕಡೆ ಕೊಳ್ಳುವವರು, ನಡುವೆ ನಮಗಿಷ್ಟು ಕಮಿಷನ್. ಗೂಗಲ್ ಫಾರ್ಮ್ ಮಾಡಿ ಗೊತ್ತಿದ್ದವರಿಗೆಲ್ಲ ಕಳಿಸಿದೆವು: 'ಇಂಥ ಆ್ಯಪ್ ಇದ್ದರೆ ಬಳಸುತ್ತೀರಾ?' ಹೆಚ್ಚುಕಡಿಮೆ ಎಲ್ಲರೂ ಹೌದು ಅಂದರು. ಆ ಪೈ ಚಾರ್ಟನ್ನು ದೊಡ್ಡದು ಮಾಡಿ ಎರಡನೇ ಸ್ಲೈಡಿನಲ್ಲೇ ಹಾಕಿದೆವು. ನಮ್ಮ ಮಾರ್ಗದರ್ಶಕರು ಅದನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇವರಲ್ಲಿ ಎಷ್ಟು ಜನ ಹೋದ ವರ್ಷ ಒಂದಾದರೂ ಪುಸ್ತಕ ಮಾರಿದ್ದಾರೆ?"

ಗೊತ್ತಿರಲಿಲ್ಲ. ನಾವು ಕೇಳಿರಲೇ ಇಲ್ಲ.

ಹಾಗಾಗಿ ಎದುರಾಎದುರು ಕೂತು ಮಾತಾಡಿಸಲು ಹೊರಟೆವು. ಮೊದಲನೆಯ ಸಂದರ್ಶನ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ನಾನೇ ಮಾತಾಡಿದೆ. ಆ್ಯಪಿನ ಚಿತ್ರ ತೋರಿಸಿದೆ, ಫೀಚರ್‌ಗಳನ್ನು ವಿವರಿಸಿದೆ, "ಇದರಿಂದ ನಿಮಗೆ ಅನುಕೂಲ ಆಗುತ್ತಲ್ವಾ?" ಅಂತ ಉತ್ತರವನ್ನೂ ಬಾಯಿಗೆ ತುರುಕಿದೆ. ಪಕ್ಕದಲ್ಲಿ ನನ್ನ ಗೆಳತಿ ಸುಮ್ಮನೆ ಬರೆದುಕೊಳ್ಳುತ್ತಿದ್ದಳು. ರಾತ್ರಿ ಇಬ್ಬರ ಟಿಪ್ಪಣಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನನ್ನದರಲ್ಲಿ ಇದ್ದದ್ದು: 'ತುಂಬಾ ಇಷ್ಟಪಟ್ಟರು. ಖಂಡಿತ ಬಳಸುತ್ತಾರಂತೆ.' ಅವಳದರಲ್ಲಿ: '"ಚೆನ್ನಾಗಿದೆ" ಅಂದದ್ದು ಮೂರು ಸಲ. ಫೋನ್ ನೋಡಿದ್ದು ನಾಲ್ಕು ಸಲ. ಅವರಾಗಿ ಕೇಳಿದ ಪ್ರಶ್ನೆ: ಒಂದೂ ಇಲ್ಲ.'

ಒಂದೇ ಮೇಜು, ಒಂದೇ ಮನುಷ್ಯ. ನಾನು ಐಡಿಯಾ ಹುಟ್ಟಿಸಿದವನು, ಅದಕ್ಕೆ ನನಗೆ ಬೇಕಾದದ್ದಷ್ಟೇ ಕಿವಿಗೆ ಬಿದ್ದಿತ್ತು.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆವು. ಒಬ್ಬರು ಕೇಳಬೇಕು, ಇನ್ನೊಬ್ಬರು ಬರೆಯಬೇಕು. ಬರೆಯುವವರು ಎದುರಿನವರ ಬಾಯಿಂದ ಬಂದ ಮಾತನ್ನು ಹಾಗೇ ಬರೆಯಬೇಕು, ಕಣ್ಣಿಗೆ ಕಂಡದ್ದನ್ನು ಬರೆಯಬೇಕು. ಸ್ವಂತ ಅಭಿಪ್ರಾಯವೇನಿದ್ದರೂ ಪುಟದ ಬಲಗಡೆ ಬಿಟ್ಟ ಜಾಗದಲ್ಲಿ, ಅದೂ ಸಂದರ್ಶನ ಮುಗಿದ ಮೇಲೆ. ರೆಕಾರ್ಡಿಂಗನ್ನೂ ಒಪ್ಪಿಗೆ ಕೇಳಿ ಪ್ರಯತ್ನಿಸಿದೆವು. ಫೋನ್ ಮೇಜಿನ ಮೇಲೆ ಬಂದ ಕೂಡಲೇ ಜನ ಭಾಷಣದ ಧಾಟಿಗೆ ಇಳಿಯುತ್ತಿದ್ದರು, ಬಿಟ್ಟುಬಿಟ್ಟೆವು. ಸಹಪಾಠಿಗಳನ್ನೂ ಕೈಬಿಟ್ಟೆವು. ಅವರು ನಮ್ಮ ಮನಸ್ಸು ನೋಯಿಸಲಾರರು. ಅದರ ಬದಲು ಪ್ರತಿ ಸಂದರ್ಶನದ ಕೊನೆಗೆ "ನಾವು ಇನ್ನು ಯಾರನ್ನು ಮಾತಾಡಿಸಬೇಕು?" ಅಂತ ಕೇಳಿ, ಅವರು ತೋರಿಸಿದ ಅಪರಿಚಿತರ ಹತ್ತಿರ ಹೋದೆವು.

ಪ್ರಶ್ನೆಗಳೂ ಬದಲಾದವು. ಆ್ಯಪಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ಹೋದ ಸೆಮಿಸ್ಟರ್ ಮುಗಿದಾಗ ನಿಮ್ಮ ಪುಸ್ತಕಗಳು ಏನಾದವು?" ಅಷ್ಟೇ. ಆಮೇಲೆ? ಅದಾದ ಮೇಲೆ? 'ಮಾರುತ್ತೀರಾ' ಅಂದರೆ ಯಾರು ಬೇಕಾದರೂ ಹೂಂ ಅನ್ನುತ್ತಾರೆ, ಖರ್ಚಿಲ್ಲದ ಮಾತು. ಏನು ಮಾಡಿದಿರಿ ಅಂದರೆ ನೆನಪು ಮಾಡಿಕೊಂಡೇ ಹೇಳಬೇಕು. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಉತ್ತರ ನಿಂತ ಕೂಡಲೇ ಮುಂದಿನ ಪ್ರಶ್ನೆ ಹಾರಿಸುವ ಚಟ. ಮೇಜಿನ ಕೆಳಗೆ ಬೆರಳು ಮಡಚುತ್ತ ಏಳರವರೆಗೆ ಎಣಿಸುವುದನ್ನು ರೂಢಿ ಮಾಡಿಕೊಂಡೆ. ಎಷ್ಟೋ ಸಲ ಐದಕ್ಕೆ ಬರುವಷ್ಟರಲ್ಲಿ ಎದುರಿನವರು "ನಿಜ ಹೇಳಬೇಕಂದ್ರೆ..." ಅಂತ ಶುರು ಮಾಡುತ್ತಿದ್ದರು.

ಒಂಬತ್ತನೆಯವಳು ಹಾಸ್ಟೆಲ್ ಹುಡುಗಿ. "ಮಾರ್ಬೇಕು ಅಂತಾನೇ ಇದೀನಿ" ಅಂದಳು. ಆ ಪುಸ್ತಕಗಳನ್ನು ನೋಡಬಹುದಾ ಅಂದಾಗ ನನ್ನ ಗೆಳತಿಯನ್ನು ರೂಮಿಗೆ ಕರೆದುಕೊಂಡು ಹೋಗಿ ಮಂಚದಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದಳಂತೆ; ಅದನ್ನು ಇಬ್ಬರೂ ಹೊತ್ತುಕೊಂಡು ನಾನಿದ್ದಲ್ಲಿಗೆ ತಂದರು. ಅಂಚೆಲ್ಲ ಸವೆದು ಮೆತ್ತಗಾಗಿತ್ತು. ಮೇಲೆ ಮಾರ್ಕರ್‌ನಲ್ಲಿ ಬರೆದ ರೂಮ್ ನಂಬರ್‌ಗಳು ಮೂರು, ಎರಡಕ್ಕೆ ಗೀಟು ಹೊಡೆದಿತ್ತು. ಮೊದಲ ಸೆಮಿಸ್ಟರಿನ ಪುಸ್ತಕಗಳು ಅವಳ ಜೊತೆ ಮೂರು ರೂಮು ಸುತ್ತಿದ್ದವು. 'ಯಾಕೆ ಮಾರಲಿಲ್ಲ' ಅಂತ ಕೇಳಿದ್ದರೆ ಸಮಜಾಯಿಷಿ ಕೊಡುತ್ತಿದ್ದಳೇನೋ. "ಇದನ್ನು ಕೊನೇ ಸಲ ಮುಟ್ಟಿದ್ದು ಯಾವಾಗ?" ಅಂದೆ. ರೂಮ್ ಖಾಲಿ ಮಾಡಿದ ದಿನ ಅಂದಳು. "ಅವತ್ತು ಸಂಜೆಯೊಳಗೆ ಎಲ್ಲ ಸಾಗಿಸ್ಬೇಕಿತ್ತು. ಯಾರಾದ್ರೂ ಬಂದು ಎತ್ಕೊಂಡು ಹೋಗಿದ್ರೆ ಸಾಕಾಗಿತ್ತು, ದುಡ್ಡು ಕೊಡದಿದ್ರೂ ಪರವಾಗಿಲ್ಲ."

ನನಗೆ ಆಗ ಹೊಳೆದದ್ದೇನು ಗೊತ್ತಾ? 'ಭೇಷ್, ಮಾರುವವರು ಕಡಿಮೆ ಬೆಲೆಗೂ ಒಪ್ಪುತ್ತಾರೆ, ಕಮಿಷನ್ ಏರಿಸಬಹುದು!' ಗೆಳತಿ ಅವಳ ಮಾತನ್ನು ಅಕ್ಷರಶಃ ಬರೆದುಕೊಂಡಿದ್ದರಿಂದ ಬಚಾವಾದೆವು. ಆಮೇಲೆ ಹಳೆಯ ಟಿಪ್ಪಣಿಗಳನ್ನು ತಿರುವಿದರೆ ಇನ್ನೂ ನಾಲ್ಕು ಜನ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಹೇಳಿದ್ದರು. ಅವರಿಗೆ ಬೇಕಿದ್ದದ್ದು ಭಾರ ಇಳಿಸಿಕೊಳ್ಳುವ ದಾರಿ.

ಕೊಳ್ಳುವವರ ಕಥೆಯೇ ಬೇರೆ. ಸೆಮಿಸ್ಟರ್ ಶುರುವಾಗಿ ಎರಡು ಮೂರು ವಾರ ಅವರು ಯಾವ ಪುಸ್ತಕವನ್ನೂ ಕೊಳ್ಳುವುದಿಲ್ಲ. ಪಟ್ಟಿಯಲ್ಲಿ ಇರುವುದರಲ್ಲಿ ಮೇಷ್ಟ್ರು ನಿಜವಾಗಿ ಯಾವುದನ್ನು ಪಾಠಕ್ಕೆ ತೆಗೆದುಕೊಳ್ಳುತ್ತಾರೆ ಅಂತ ಕಾಯುತ್ತಾರೆ. ಅಂದರೆ ಒಬ್ಬರು ಪುಸ್ತಕ ಬಿಡುವುದು ರಜೆಗೆ ಮುಂಚೆ, ಇನ್ನೊಬ್ಬರು ಹುಡುಕುವುದು ರಜೆ ಮುಗಿದು ಎಷ್ಟೋ ದಿನಕ್ಕೆ. ನಮ್ಮ ಆ್ಯಪು ಇಬ್ಬರನ್ನೂ ಒಂದೇ ಕ್ಷಣದಲ್ಲಿ ಭೇಟಿ ಮಾಡಿಸಲು ಹೊರಟಿತ್ತು! ನಡುವಿನ ಆ ವಾರಗಳಲ್ಲಿ ಪುಸ್ತಕ ಎಲ್ಲಿರಬೇಕು? ಬೇಕಾಗಿದ್ದದ್ದು ಒಂದು ಕಪಾಟು.

ಎಷ್ಟು ಜನರನ್ನು ಮಾತಾಡಿಸಿದರೆ ಸಾಕು ಅನ್ನುವುದರ ಮೇಲೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಶುರು ಮಾಡಿದ, ಸಂಶೋಧಕರಿಗೆ ತಮ್ಮ ಐಡಿಯಾವನ್ನು ಉದ್ಯಮವಾಗಿಸುವುದನ್ನು ಕಲಿಸುವ ಐ-ಕಾರ್ಪ್ಸ್ ತರಬೇತಿಯಲ್ಲಿ ತಂಡಗಳಿಗೆ ಏಳು ವಾರದಲ್ಲಿ 100 ಸಂದರ್ಶನದ ಗುರಿ ಇರುತ್ತದೆ. ಪರೀಕ್ಷೆ ತಲೆಯ ಮೇಲಿದ್ದ ನಮಗೆ ಅದು ಆಗದ ಮಾತು. ಮಾರ್ಕೆಟಿಂಗ್ ಸಂಶೋಧಕರಾದ ಆ್ಯಬಿ ಗ್ರಿಫಿನ್ ಮತ್ತು ಜಾನ್ ಹೌಸರ್ 1993ರಲ್ಲಿ ಬರೆದ ಪ್ರಬಂಧದ ಪ್ರಕಾರ 20ರಿಂದ 30 ಜನರನ್ನು ಮಾತಾಡಿಸಿದರೆ ಗ್ರಾಹಕರ ಅಗತ್ಯಗಳಲ್ಲಿ ಶೇ. 90ರಷ್ಟಾದರೂ ಸಿಗುತ್ತವೆ. ನಾವು 23 ಮುಗಿಸಿದ್ದೆವು, ನಾನು ಕುಣಿದಾಡಿದೆ. ಆದರೆ ಆ ಲೆಕ್ಕ ಹೆಚ್ಚುಕಡಿಮೆ ಒಂದೇ ಬಗೆಯ ಗ್ರಾಹಕರಿಗೆ ಅನ್ವಯಿಸುವಂಥದ್ದು. ನಮ್ಮ 23ರಲ್ಲಿ ಮಾರುವವರು 14, ಕೊಳ್ಳುವವರು 9. ಮಾರುವವರಿಂದ ಹೊಸ ಮಾತು ಬರುವುದು ನಿಂತಿತ್ತು, ಕೊಳ್ಳುವವರು ಇನ್ನೂ ಪ್ರತಿ ಸಲ ಏನಾದರೊಂದು ಹೊಸದು ಹೇಳುತ್ತಿದ್ದರು. ಮತ್ತೆ ಹೋದೆವು.

ಎರಡನೇ ಸುತ್ತಿನಲ್ಲಿ, ಮಾತು ಮುಗಿದ ಮೇಲೆ ಅಭಿಪ್ರಾಯ ಕೇಳದೆ ತಾರೀಖು ಕೇಳಿದೆವು: "ರೂಮ್ ಖಾಲಿ ಮಾಡುವ ದಿನ, ಹೊತ್ತು ಹೇಳಿ, ನಾವೇ ಬಂದು ಒಯ್ಯುತ್ತೇವೆ." 'ಸೂಪರ್ ಐಡಿಯಾ' ಅಂದಿದ್ದ ಇಬ್ಬರು ತಾರೀಖಿನ ಮಾತು ಬಂದಾಗ ಜಾರಿಕೊಂಡರು. ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಉತ್ತರಿಸಿದ್ದ ಒಬ್ಬ ಅದೇ ರಾತ್ರಿ ತನ್ನ ಪುಸ್ತಕಗಳ ಫೋಟೋ ಕಳಿಸಿದ.

ಪೆಟ್ಟಿಗೆಯ ಹುಡುಗಿಯನ್ನೂ ಮತ್ತೆ ಕೇಳಿದೆವು. ಕ್ಯಾಲೆಂಡರ್ ತೆರೆದು ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಳು. ನಾವು ಎದ್ದು ಹೊರಟಾಗ ಹಿಂದಿನಿಂದ ಕೂಗಿದಳು: "ಪೆಟ್ಟಿಗೆ ವಾಪಸ್ ಕೊಡ್ತೀರಲ್ವಾ? ಬಟ್ಟೆ ತುಂಬ್ಕೊಳ್ಳೋಕೆ ಬೇಕು."

ಪುಸ್ತಕಗಳನ್ನು ಯಾವುದರಲ್ಲಿ ಹೊತ್ತು ತರುವುದು ಅಂತ ನಾವು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಗೆಳತಿ ನಿಂತಲ್ಲೇ ನೋಟ್‌ಬುಕ್ ತೆಗೆದು ಬರೆದುಕೊಂಡಳು.