ಇರುವಷ್ಟು ಜನರಲ್ಲೇ ಮಸೂದೆ ಬರೆಯುವುದು: ನನ್ನ ಅನುಭವ

ರಾಜ್ಯ ಸರ್ಕಾರದ ಒಂದು ಇಲಾಖೆಯ ಕಾನೂನು ಕೋಶದಲ್ಲಿ ನನಗೆ ಕೆಲಸ. ಮಸೂದೆ, ನಿಯಮ (ಕಾಯ್ದೆಯ ಅಡಿಯಲ್ಲಿ ಸರ್ಕಾರವೇ ಮಾಡುವ ವಿವರಗಳು), ಅಧಿಸೂಚನೆಗಳ ಮೊದಲ ಕರಡು ಇಲ್ಲೇ ಆಗುತ್ತದೆ. ಆಮೇಲೆ ಮಸೂದೆ ಕಾನೂನು ಇಲಾಖೆ, ಹಣಕಾಸು ಇಲಾಖೆ, ಸಚಿವ ಸಂಪುಟ ಎಲ್ಲ ದಾಟಿ ಸದನಕ್ಕೆ ಹೋಗುತ್ತದೆ. ನಮ್ಮಲ್ಲಿ ಹುದ್ದೆಗಳು ಖಾಲಿ ಬಿದ್ದು ಬಹಳ ಕಾಲವಾಯಿತು. ನಿವೃತ್ತರಾದವರ ಜಾಗಕ್ಕೆ ಯಾರೂ ಬರಲಿಲ್ಲ. ನಿಯೋಜನೆ ಮೇಲೆ ಬಂದವರು ಕೆಲಸ ಕೈಗೆ ಹತ್ತುವಷ್ಟರಲ್ಲಿ ವಾಪಸ್ ಹೋದರು. ಅಧಿವೇಶನ ಮಾತ್ರ ನಮಗಾಗಿ ಕಾಯುವುದಿಲ್ಲ, ಅಲ್ವಾ? ಸುಗ್ರೀವಾಜ್ಞೆ, ಅಂದರೆ ಸದನ ನಡೆಯದಿರುವಾಗ ರಾಜ್ಯಪಾಲರು ಹೊರಡಿಸುವ ತಾತ್ಕಾಲಿಕ ಕಾನೂನು, ಬಂದಿದ್ದರೆ ಇನ್ನೂ ಕಷ್ಟ. ಸಂವಿಧಾನದ 213ನೇ ವಿಧಿಯಂತೆ ಸದನ ಮತ್ತೆ ಸೇರಿ ಆರು ವಾರವಾದರೆ ಅದು ಬಿದ್ದುಹೋಗುತ್ತದೆ, ಅಷ್ಟರೊಳಗೆ ಮಸೂದೆ ಪಾಸಾಗಲೇಬೇಕು.

ಮೊದಲು ಬದಲಾಯಿಸಿದ್ದು ಶಾಖೆಗಳಿಂದ ಕಡತ ಬರುವ ರೀತಿಯನ್ನು. "ಮೇಡಂ, ಪಕ್ಕದ ರಾಜ್ಯದ ಕಾಯ್ದೆ ಹೀಗೇ ಇದೆ, ಹೆಸರು ಬದಲಾಯಿಸಿದರೆ ಸಾಕು" ಎಂದು ಶಾಖಾಧಿಕಾರಿಗಳು ಇಡೀ ಕಾಯ್ದೆಯನ್ನೇ ಟೈಪ್ ಮಾಡಿಸಿ ಕಳಿಸುತ್ತಿದ್ದರು. ಅದನ್ನು ಬಿಡಿಸಿ ನೋಡುವುದಕ್ಕೇ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ ಸಮಯ ಹೋಗುತ್ತಿತ್ತು. ಈಗ ಕರಡು ಬೇಡ, ಸರಳ ಕನ್ನಡದಲ್ಲಿ ಒಂದು ಟಿಪ್ಪಣಿ ಕೊಡಿ ಎನ್ನುತ್ತೇನೆ. ಈಗಿನ ತೊಂದರೆ ಏನು, ಇರುವ ಕಾನೂನಿನಲ್ಲಿ ಅದು ಯಾಕೆ ಬಗೆಹರಿಯುವುದಿಲ್ಲ, ಅಧಿಕಾರ ಯಾರ ಕೈಗೆ ಕೊಡಬೇಕು, ಆ ಅಧಿಕಾರಿ ತಪ್ಪು ಆದೇಶ ಮಾಡಿದರೆ ಜನ ಮೇಲ್ಮನವಿಗೆ ಎಲ್ಲಿ ಹೋಗಬೇಕು, ಈಗಾಗಲೇ ನಡೆಯುತ್ತಿರುವ ಪ್ರಕರಣಗಳ ಗತಿ ಏನು, ಇಷ್ಟು ಬರೆದರೆ ಸಾಕು. ಎರಡನೇ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗಲೇ ಎಷ್ಟೋ ಸಲ ಮಸೂದೆ ಬೇಕಿಲ್ಲ, ನಿಯಮ ತಿದ್ದಿದರೆ ಆಯಿತು ಎಂದು ಅವರಿಗೇ ಗೊತ್ತಾಗಿದೆ. ನಮಗೆ ಸಮಯ ಜಾಸ್ತಿ ಉಳಿದದ್ದು ಇಲ್ಲಿಯೇ.

ನಿಯಮ ಮಾಡುವ ಅಧಿಕಾರ, ನಿಯಮಗಳನ್ನು ಸದನದ ಮುಂದಿಡುವುದು, ರದ್ದತಿ ಮತ್ತು ಉಳಿಸುವಿಕೆ (ಹಳೆಯ ಕಾನೂನು ತೆಗೆದರೂ ಅದರಡಿ ಆದದ್ದನ್ನು ಉಳಿಸಿಕೊಳ್ಳುವುದು) ಇಂಥ ಪದೇ ಪದೇ ಬರುವ ಖಂಡಗಳನ್ನು ಒಂದೇ ಕಡೆ ಸೇರಿಸಿಟ್ಟುಕೊಂಡೆ. ಪ್ರತಿಯೊಂದರ ಕೆಳಗೆ ಅದನ್ನು ಯಾಕೆ ಹೀಗೆ ಬರೆದಿದೆ, ಎಲ್ಲಿ ಬಳಸಬಾರದು ಎಂದು ನಾಲ್ಕು ಸಾಲು. ಹೊರಗುತ್ತಿಗೆಯಲ್ಲಿ ಬಂದ ಹುಡುಗ ಹುಡುಗಿಯರು ಅದನ್ನೇ ಓದಿ ಕಲಿಯುತ್ತಿದ್ದಾರೆ, ಚೆನ್ನಾಗಿಯೂ ಕಲಿಯುತ್ತಿದ್ದಾರೆ.

ಎಷ್ಟೇ ಅವಸರವಿದ್ದರೂ ಎರಡನೆಯವರು ಓದದ ಕರಡನ್ನು ಹೊರಗೆ ಬಿಡುವುದಿಲ್ಲ. ಜನ ಕಡಿಮೆಯಾದಾಗ ಮೊದಲು ಕೈಬಿಡುವುದು ಇದನ್ನೇ, ಕೈಬಿಡಲೇಬಾರದ್ದೂ ಇದೇ. ತಿದ್ದುಪಡಿಯಲ್ಲಿ ಒಂದು ಉಪಪ್ರಕರಣ (ಕಾಯ್ದೆಯ ಪ್ರಕರಣದ, ಅಂದರೆ ಸೆಕ್ಷನ್ನಿನ, ಒಂದು ಭಾಗ) ನಡುವೆ ಸೇರಿ ಮುಂದಿನವುಗಳ ಸಂಖ್ಯೆ ಬದಲಾಯಿತು ಅಂದುಕೊಳ್ಳಿ. ದಂಡನೆ ಹೇಳುವ ಪ್ರಕರಣದಲ್ಲಿ ಹಳೆಯ ಸಂಖ್ಯೆಯೇ ಉಳಿದರೆ ಶಿಕ್ಷೆ ಬೇರೆ ಯಾವುದೋ ಕೃತ್ಯಕ್ಕೆ ಅಂಟಿಕೊಳ್ಳುತ್ತದೆ. ದಂಡನೆಯ ಕಾನೂನನ್ನು ಕೋರ್ಟು ಬಿಗಿಯಾಗಿ ಓದುತ್ತದೆ, ನಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುತ್ತಾ ಕೂರುವುದಿಲ್ಲ. ಬರೆದವರ ಕಣ್ಣಿಗೆ ಸಂಖ್ಯೆಯ ಈ ತಪ್ಪು ಬೀಳುವುದೇ ಇಲ್ಲ. ಹಾಗಾಗಿ ಎರಡನೆಯವರಿಗೆ ಭಾಷೆ ತಿದ್ದಬೇಡಿ, ಸಂಖ್ಯೆ, ದಿನಾಂಕ, ಯಾವ ಪ್ರಕರಣ ಯಾವುದನ್ನು ಹೇಳುತ್ತಿದೆ ಎಂಬುದನ್ನಷ್ಟೇ ನೋಡಿ ಎಂದು ಹೇಳಿದ್ದೇನೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ. ಸಂವಿಧಾನದ 348ನೇ ವಿಧಿಯಿಂದಾಗಿ ಇಂಗ್ಲಿಷ್ ಪಠ್ಯವೇ ಅಧಿಕೃತ, ಆದರೆ ಇಲ್ಲಿ ಜನ ಹಿಡಿದು ಓದುವುದು ಕನ್ನಡದ್ದನ್ನು.

ನಿಯಮಗಳ ಕರಡನ್ನೂ ಈಗ ಮಸೂದೆಯ ಜೊತೆಜೊತೆಗೇ ಶುರು ಮಾಡುತ್ತೇವೆ. ಕಾಯ್ದೆ ಪಾಸಾಗಿ, ನಿಯಮ ಬರೆಯಲು ಜನವಿಲ್ಲದೆ ಸುಮ್ನೆ ಕೂತರೆ ಅರ್ಜಿ ನಮೂನೆ ಇರುವುದಿಲ್ಲ, ಶುಲ್ಕ ಎಷ್ಟು ಅಂತ ಇರುವುದಿಲ್ಲ. ತಾಲ್ಲೂಕು ಕಚೇರಿಗೆ ಬಂದವರಿಗೆ ಏನು ಹೇಳುವುದು?

ಇಷ್ಟೆಲ್ಲ ಮಾಡಿದರೂ ಖಾಲಿ ಹುದ್ದೆ ತುಂಬಲೇಬೇಕು. ಕರಡು ಬರೆಯುವವರು ತಯಾರಾಗಲು ವರ್ಷಗಳು ಬೇಕು, ಮತ್ತು ಪಕ್ಕದಲ್ಲಿ ಕೂತು ಕಲಿಸುವ ಹಿರಿಯರು ಇರಬೇಕು. ಅವರು ನಿವೃತ್ತರಾಗುವ ಮೊದಲೇ ಹೊಸಬರನ್ನು ನೇಮಿಸಿ ಎಂದು ಕೇಳುತ್ತಲೇ ಇದ್ದೇನೆ.