ಕಣ್ಣು ಮುಚ್ಚಿದರೆ ಕಪ್ಪೇ ಕಾಣುವ ಮಗುವಿಗೆ ಪದ್ಯ ಹೇಳಿಕೊಡುವುದು ಹೇಗೆ?

ಐದನೇ ಕ್ಲಾಸಿಗೆ ಮಳೆಯ ಪದ್ಯ ಮಾಡುತ್ತಿದ್ದೆ. "ಕಣ್ಣು ಮುಚ್ಚಿ, ಮಳೆ ನೋಡಿ" ಅಂದೆ. ಒಬ್ಬ ಹುಡುಗಿ "ಮಿಸ್, ನಂಗೆ ಬರೀ ಕಪ್ಪು ಕಾಣುತ್ತೆ" ಅಂದಳು. ಗಮನ ಇಲ್ಲ ಅಂತ ಗದರಿ ಕೂರಿಸಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಯಾಕೆಂದರೆ ಅವಳು ಹೇಳಿದ್ದು ನಿಜ. ಮನಸ್ಸಿನಲ್ಲಿ ಚಿತ್ರ ಮೂಡುವುದು ಎಲ್ಲರಿಗೂ ಒಂದೇ ಥರ ಅಲ್ಲ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್, ಬೆಳಿಗ್ಗೆ ತಿಂಡಿ ತಿಂದ ಮೇಜು ಮನಸ್ಸಿನಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತ ಜನರನ್ನು ಕೇಳಿ 1880ರಲ್ಲೇ ಬರೆದಿದ್ದರು. ಕೆಲವರಿಗೆ ಬಣ್ಣ ಸಮೇತ ಕಂಡಿತ್ತು, ಕೆಲವರಿಗೆ ಏನೂ ಇಲ್ಲ. 2015ರಲ್ಲಿ ನರರೋಗ ತಜ್ಞ ಆಡಂ ಜೆಮನ್ ಮತ್ತು ಜೊತೆಗಾರರು ಹೀಗೆ ಚಿತ್ರವೇ ಮೂಡದಿರುವುದಕ್ಕೆ 'ಅಫ್ಯಾಂಟೇಸಿಯ' ಅಂತ ಹೆಸರಿಟ್ಟರು. ಇದು ಕಾಯಿಲೆಯಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ.

ಹಾಗಾಗಿ ಮೊದಲು ಕೇಳಿ. "ನಿಮ್ಮನೆ ದೋಸೆ ಹೆಂಚು ನೆನೆಸಿಕೊಳ್ಳಿ. ಚೆನ್ನಾಗಿ ಕಾಣುತ್ತಾ? ಮಸುಕಾ? ಏನೂ ಇಲ್ವಾ?" ಯಾವ ಉತ್ತರ ಬಂದರೂ ಸರಿ ಅನ್ನಿ.

ಆಮೇಲೆ "ನೋಡಿ" ಅನ್ನುವುದನ್ನು ಬಿಡಿ. ಹೆಂಚಿಗೆ ನೀರು ಚಿಮುಕಿಸಿದರೆ ಏನು ಸದ್ದು? ದೋಸೆಯ ಅಂಚು ಮುರಿದರೆ ಬೆರಳಿಗೆ ಹೇಗಿರುತ್ತೆ? ಚುಂಯ್, ಗರಿಗರಿ. ನಮ್ಮ ಕನ್ನಡ ಇದಕ್ಕೆಂದೇ ಹುಟ್ಟಿದ ಹಾಗಿದೆ. ಜಿಟಿಜಿಟಿ ಮಳೆ, ಪಟಪಟ ಹನಿ, ಧೋ ಅಂತ ಸುರಿಯೋದು. ಈ ಅನುಕರಣ ಪದಗಳನ್ನು ವ್ಯಾಕರಣದ ಪಾಠಕ್ಕೆ ಮಾತ್ರ ಇಡಬೇಡಿ, ಪದ್ಯದ ದಿನವೇ ಬಾಯಲ್ಲಿ ಹೇಳಿಸಿ. ಹೊಟ್ಟೆಕಿಚ್ಚು, ಕರುಳು ಚುರುಕ್ ಅನ್ನುವುದು, ಎದೆ ಧಸಕ್ ಅನ್ನುವುದು, ಇವೂ ಪ್ರತಿಮೆಗಳೇ, ಅಂದರೆ ಮಾತಿನಲ್ಲಿ ಕಟ್ಟಿದ ಚಿತ್ರಗಳೇ ಅಲ್ವಾ? ಕಣ್ಣಿಗೆ ಏನೂ ಕಾಣುವುದಿಲ್ಲ, ಮೈಗೆ ಗೊತ್ತಾಗುತ್ತದೆ.

ಒಗಟೂ ಒಳ್ಳೆಯ ದಾರಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ." ಉತ್ತರ ಮಲ್ಲಿಗೆ. ಉತ್ತರಕ್ಕಿಂತ ಜಾಸ್ತಿ ಹೊತ್ತು ಹೋಲಿಕೆಯ ಹತ್ತಿರ ನಿಲ್ಲಿ. ಮೊಸರೇ ಯಾಕೆ, ಸುಣ್ಣ ಯಾಕಲ್ಲ? ಮಕ್ಕಳು ತಂಪು ಅಂತಾರೆ, ಮೆತ್ತಗೆ ಅಂತಾರೆ. ಒಳಗೆ ಚಿತ್ರ ಮೂಡದ ಮಗುವಿಗೂ ಮೊಸರಿನ ಗುಣ ಗೊತ್ತು. ಅದು ಮಾತಾಡಲು ಅಷ್ಟು ಸಾಕು.

ಕೊನೆಗೆ ಬರೆಸಿ. ಚಿತ್ರ ಬರೆಯಿರಿ ಅಂತ ಒಂದೇ ಹೋಂವರ್ಕ್ ಕೊಡಬೇಡಿ. ಮಳೆಯಲ್ಲಿ ಏನು ಕೇಳಿತು, ಏನು ತಾಗಿತು, ಎರಡೇ ಸಾಲು ಸಾಕು. ಅದೇ ಹುಡುಗಿ ಬರೆದದ್ದು ಹೀಗಿತ್ತು: "ನಮ್ಮನೆ ಶೀಟಿನ ಮೇಲೆ ಮಳೆ ಬಿದ್ದರೆ ಅಮ್ಮ ಕೂಗಿದ್ದು ಕೇಳಲ್ಲ. ಮಳೆ ನಿಂತ ಮೇಲೂ ನಾವು ಸ್ವಲ್ಪ ಹೊತ್ತು ಕೂಗ್ತಾನೇ ಇರ್ತೀವಿ."